ಕಿವಿಯಿದ್ದ ಹಾವು

"ನಾನಂತೂ ಬರಲ್ಲ. ಬೇಕಾದ್ರೆ ನೀವೇ ಹೋಗಿ ಆ ಹಾವಿನ ಜೊತೆ ಸಂಸಾರ ಮಾಡಿ" ಎಂದು ತೇಜಸ್ವಿನಿ ಲ್ಯಾಪ್‌ಟಾಪನ್ನು ಗಂಡ ರಘೋತ್ತಮನ ಕಡೆಗೆ ತಳ್ಳಿದಳು.

ಒಣಗಿದ ಎಲೆಗಳ ಮೇಲೆ ಕಂದು ಬಣ್ಣದ ಪುಟ್ಟ ಹಾವು. ಆಸ್ಟ್ರೇಲಿಯಾದ ಅಡಿಲೇಡಿನಿಂದ ಗೆಳೆಯ ಗೋಪಿ ಕಳಿಸಿದ ಫೋಟೋ. ರಿಸೆಶನ್ನಿನಲ್ಲಿ ಸೌತ್‌ಫೀಲ್ಡಿನ ಕಂಪನಿ ರಘೋತ್ತಮನನ್ನು ಮನೆಗೆ ಕಳಿಸಿದ ಮೇಲೆ ಡೆಟ್ರಾಯಿಟ್ ಸುತ್ತಮುತ್ತ ಯಾರೂ ಕೆಲಸದ ಮಾತೇ ಆಡಿರಲಿಲ್ಲ; ವೀಸಾ ಬೇರೆ ಮುಗಿಯುತ್ತ ಬಂದಿತ್ತು. ತನ್ನ ಆಫೀಸಿನಲ್ಲೇ ಕೆಲಸ ಕೊಡಿಸಿದ ಪುಣ್ಯಾತ್ಮ ಗೋಪಿ ಅಷ್ಟಕ್ಕೇ ಸುಮ್ಮನಿರಬಾರದೆ? 'ನಿಮಗೆ ನೋಡಿರೋ ಮನೆ ಹಿಂದಿನ ಕುರುಚಲು ಕಾಡಲ್ಲಿ ಸಿಕ್ಕ ನೆರೆಯವರು' ಎಂದು ತಮಾಷೆಗೆ ಇದನ್ನೂ ಕಳಿಸಿದ್ದ. ಒಪ್ಪಿಗೆಯ ಮೇಲ್ ಇವತ್ತೇ ಹೋಗಬೇಕಿತ್ತು.

"ಇಲ್ಲೇನು ಹಾವಿಲ್ವಾ? ಹಿತ್ತಲಲ್ಲಿ ಗಾರ್ಟರ್ ಸ್ನೇಕ್ ನೋಡಿಲ್ವಾ ನೀನು?"

"ಅದು ಕಚ್ಚಿದ್ರೆ ಬ್ಯಾಂಡೇಡ್ ಸಾಕು. ಅಲ್ಲೀದು ಕಚ್ಚಿದ್ರೆ ಬ್ಯಾಂಡೇಡ್ ಬಿಚ್ಚೋಕೂ ಟೈಮ್ ಸಿಗಲ್ಲ. ಗೂಗಲ್ ಮಾಡಿದೀನಿ."

ಮೈಸೂರಿನಿಂದ ಬಂದಿದ್ದ ರಘೋತ್ತಮನ ತಾಯಿ ಅನುಸೂಯಮ್ಮ ಗಲಾಟೆ ಕೇಳಿ ಬಂದರು. ಮೊದಲು ಕೈ ಮುಗಿದರು. ಫೋಟೋ ಆದರೇನು, ನಾಗಪ್ಪ ನಾಗಪ್ಪನೇ. ಆಮೇಲೆ ಕನ್ನಡಕ ಏರಿಸಿ ಬಗ್ಗಿದರು.

"ರಘೂ, ಒಂಚೂರು ದೊಡ್ಡದು ಮಾಡೋ. ಕಣ್ಣಿನ ಹಿಂದೆ ತೂತಿದೆಯಲ್ಲ, ಏನದು?"

"ಕಿವಿ ಇರ್ಬೇಕಮ್ಮ."

"ಹಾವಿಗೆಲ್ಲಿಯ ಕಿವಿಯೋ! ಅದು ಕಣ್ಣಲ್ಲೇ ಕೇಳಿಸಿಕೊಳ್ಳುತ್ತೆ ಅಂತ ನಮ್ಮಪ್ಪ ಪಾಠ ಹೇಳ್ತಿದ್ರು. ಕಿವಿ ಇದ್ರೆ ಅದು ಹಾವೇ ಅಲ್ಲ. ಸುಮ್ಮನೆ ನನ್ನ ಕೈಲಿ ಕೈ ಮುಗಿಸಿದ್ರಿ."

ರಘೋತ್ತಮ ಗೋಪಿಗೆ ಫೋನ್ ಮಾಡಿದ. ಅಲ್ಲಿ ಆಗ ಬೆಳಗು. ಗೋಪಿ ಪಕ್ಕದ ಮನೆಯ ದನದ ಡಾಕ್ಟರಿಗೆ ಫೋಟೋ ತೋರಿಸಿ ವಾಪಸ್ ಫೋನ್ ಮಾಡಿದಾಗ ನಗು ತಡೆಯಲಾಗದೆ ಒದ್ದಾಡುತ್ತಿದ್ದ.

"ಕಾಲಿಲ್ಲದ ಹಲ್ಲಿಯಂತೆ ಕಣೋ! ವಿಷಾನೂ ಇಲ್ಲ, ಏನೂ ಇಲ್ಲ. ನನ್ನ ಎಡಗಾಲ ಮೇಲೇ ಹರಿದು ಹೋಗಿತ್ತು. ಅವತ್ತಿಂದ ಶೂ ಹಾಕ್ಕೊಂಡೇ ಮಲಗ್ತಿದ್ದೆ!"

ತೇಜಸ್ವಿನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ದೇಶದಲ್ಲಿ ಬೇರೆ ಹಾವುಗಳಿಲ್ಲವೆಂದಲ್ಲ. ಆದರೆ ಇಷ್ಟು ಹೊತ್ತು ಹೆದರಿಸಿದ್ದು ಹಲ್ಲಿ ಎಂದು ಗೊತ್ತಾದ ಮೇಲೆ ಹೆದರಿಕೆಗೆ ಮರ್ಯಾದೆ ಎಲ್ಲಿ ಉಳಿಯುತ್ತದೆ! ರಘೋತ್ತಮನಿಗಂತೂ ಎಷ್ಟೋ ವಾರಗಳ ನಂತರ ಎದೆ ಹಗುರಾಯಿತು.

ಅಷ್ಟರಲ್ಲಿ ಅನುಸೂಯಮ್ಮ ಪಂಚಾಂಗ ಹಿಡಿದು ಬಂದರು. "ಹಲ್ಲಿ ಅಂದಮೇಲೆ ಶಕುನ ನೋಡಬೇಡವೇ? ಎಡಗಾಲು ಅಂದ್ನಾ?" ಹಲ್ಲಿ ಬಿದ್ದರೆ ಏನು ಫಲ ಎಂಬ ಪುಟದ ಮೇಲೆ ಅವರ ಬೆರಳು ತಲೆಯಿಂದ ಭುಜಕ್ಕೆ, ಭುಜದಿಂದ ಪಾದಕ್ಕೆ ಇಳಿದು ಅಲ್ಲೇ ನಿಂತಿತು.

"ಇದೆಲ್ಲಾ ಕಾಲಿರೋ ಹಲ್ಲಿಗಲ್ಲವೇನೇ? ಕಾಲಿಲ್ಲದ್ದಕ್ಕೆ ಏನೂ ಬರೆದೇ ಇಲ್ವಲ್ಲ!"

"ಕೆಟ್ಟದ್ದೂ ಬರೆದಿಲ್ಲ ತಾನೆ, ಅತ್ತೆ?" ಎಂದ ತೇಜಸ್ವಿನಿ ಗಂಡನ ಕಡೆ ತಿರುಗಿದಳು. "ರೀ, ಅಮ್ಮ ಇನ್ನೊಂದು ಪುಟ ತಿರುಗಿಸೋದ್ರೊಳಗೆ ಮೇಲ್ ಕಳಿಸಿಬಿಡಿ."