ಅರಿಶಿನದ ಕಲೆ

ಭಾನುಪ್ರಿಯಾ ಬೂದಿನೀರು ಹಾಕಿ ಉಜ್ಜಿದ್ದೇ ತಡ, ಬಿಳಿ ಟವೆಲಿನ ಮೇಲಿದ್ದ ಅರಿಶಿನದ ಕಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪಾಯಿತು. ಶೆಟ್ಟಿಹಳ್ಳಿಯ ಆ ಮನೆಯ ತಾರಸಿಯಲ್ಲಿ ಕೂತಿದ್ದ ಹತ್ತು ಹನ್ನೆರಡು ಹೆಂಗಸರು ‘ಅಯ್ಯೋ’ ಎಂದರು. ಮನೆಯಲ್ಲೇ ಬಟ್ಟೆ ಸೋಪು ಮಾಡುವುದನ್ನು ಬಡಾವಣೆಯವರಿಗೆ ಕಲಿಸಲು ಹೊರಟಿದ್ದ ಹುಡುಗಿಯ ಮುಖ ಬಾಡಿಹೋಯಿತು. ಪಾಪ, ಅಂಟುವಾಳಕಾಯಿಯನ್ನು ನೆನೆಸಿ, ಕುದಿಸಿ, ಕಿವುಚಿ ಸೋಸಿದ್ದಳು. ತೆಂಗಿನ ಮಟ್ಟೆಯ ಬೂದಿಯನ್ನು ಹಿಂದಿನ ದಿನವೇ ನೀರಿಗೆ ಹಾಕಿ ತಿಳಿ ತೆಗೆದಿದ್ದಳು. ಈ ಕೆಂಪನ್ನು ಮಾತ್ರ ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

“ಇದಕ್ಕಿಂತ ಅಂಗಡಿ ಪೌಡರೇ ವಾಸಿ ಬಿಡ್ರೀ,” ಎನ್ನುತ್ತಾ ಯಾರೋ ಎದ್ದರು.

ಹಿಂದಿನ ಸಾಲಿನಲ್ಲಿದ್ದ ಹೊಂಬಾಳಮ್ಮನ ಬಾಯಿತುದಿಗೆ ಮಾತು ಬಂದಿತ್ತು. ಪಕ್ಕದಲ್ಲಿದ್ದ ಮಗಳು ತನುಶ್ರೀ ಮೊಣಕೈಯಿಂದ ತಿವಿದಳು. ಬರುವಾಗಲೇ ಗೇಟಿನ ಹತ್ತಿರ ನಿಲ್ಲಿಸಿ ಹೇಳಿದ್ದಳು: “ಅಮ್ಮಾ, ಅಲ್ಲಿ ತಾತನ ಸುದ್ದಿ ಎತ್ಬೇಡ. ಅವ್ರೆಲ್ಲಾ ನಮ್ ಸ್ಕೂಲ್ ಮಕ್ಕಳ ಪೇರೆಂಟ್ಸು.” ತನುಶ್ರೀ ಹೈಸ್ಕೂಲ್ ಟೀಚರು. ಅವಳ ತಾತ, ಎಂದರೆ ಹೊಂಬಾಳಮ್ಮನ ಅಪ್ಪ, ಕೊತ್ತಗೆರೆಯಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದರು ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಜೊತೆಯ ಹುಡುಗಿಯರು ಕೊಳೆ ಕರ್ಚೀಫನ್ನು ಅವಳ ಮಡಿಲಿಗೆ ಎಸೆದು ನಕ್ಕಿದ್ದು ಹೊಂಬಾಳಮ್ಮನಿಗೂ ನೆನಪಿದೆ. ಅದಕ್ಕೇ ಆಯ್ತು ಎಂದು ತಲೆಯಾಡಿಸಿ ಬಂದಿದ್ದರು.

ಆದರೆ ಆ ಕೆಂಪು ಕಂಡ ಮೇಲೆ ಸುಮ್ಮನಿರುವುದಾದರೂ ಹೇಗೆ? ಯಾರದೋ ಮದುವೆ ಮನೆಯ ಬಟ್ಟೆ ಬಂದ ದಿನ, ಕೆರೆಯ ದಡದಲ್ಲಿ ಇಂಥದೇ ಕೆಂಪು ನೋಡಿ ಏಳು ವರ್ಷದ ಹೊಂಬಾಳು ಹೋ ಎಂದು ಅತ್ತಿದ್ದಳು. ಅಪ್ಪ ಚಿಕ್ಕಮಾರಯ್ಯ ಬಟ್ಟೆ ಬೇಯಿಸುವ ಉಬ್ಬೆಯ ಹಂಡೆಯಿಂದ ಹಬೆಯಾಡುವ ಬಟ್ಟೆ ಎತ್ತುತ್ತಾ ನಕ್ಕಿದ್ದ. “ಹೆದರ್ಬ್ಯಾಡ ಮಗಾ. ಅರಿಶ್ನ ಯಾರ್ಗೂ ಬಗ್ಗಲ್ಲ, ಸೂರ್ಯಂಗೆ ಮಾತ್ರ ಬಗ್ತದೆ.” ಸಂಜೆಗೆ ಗರಿಕೆಯ ಮೇಲೆ ಹರವಿದ ಪಂಚೆಗಳೆಲ್ಲ ಬೆಳ್ಳಗೆ! ಬೂದಿನೀರನ್ನು ನಾಲಿಗೆಯ ತುದಿಗೆ ಮುಟ್ಟಿಸಿಯೇ ಅದರ ಹದ ಹೇಳುತ್ತಿದ್ದ ಅಪ್ಪ. ಬೆರಳೆಲ್ಲ ಬಿರಿದಿದ್ದರೂ ಮೈಯಿಂದ ಸದಾ ಬಿಸಿಲಲ್ಲಿ ಒಣಗಿದ ಬಟ್ಟೆಯ ಘಮ. ಆ ಘಮಕ್ಕಾಗಿ ಹೊಂಬಾಳಮ್ಮನ ಜೀವ ಈ ವಯಸ್ಸಿನಲ್ಲೂ ಹಂಬಲಿಸುತ್ತದೆ.

ಎದ್ದೇಬಿಟ್ಟರು. “ಯಾಕವ್ವ ಗಾಬ್ರಿ? ಚೆನ್ನಾಗ್ ಜಾಲಿಸ್ಬುಟ್ಟು ಬಿಸ್ಲಿಗೆ ಹಾಕು. ಒಣಗಕ್ ಬುಡ್ಬ್ಯಾಡ, ಆಗಾಗ ನೀರ್ ಚಿಮುಕಿಸ್ತಾ ಇರು.”

ಜಾಲಿಸಿದಾಗ ಕೆಂಪು ಹೋಗಿ ಮತ್ತೆ ಹಳದಿಯಾಯಿತು. ಏಪ್ರಿಲ್ ತಿಂಗಳ ಉರಿಬಿಸಿಲು ಬೇರೆ. ಉಳಿದ ಪಾಠ, ಕಾಫಿ, ಹರಟೆ ಎಲ್ಲ ಮುಗಿದು ಭಾನುಪ್ರಿಯಾ ಟವೆಲು ಎತ್ತಿ ಹಿಡಿದಾಗ ಕಲೆ ಎಲ್ಲಿತ್ತೆಂದು ಹುಡುಕಬೇಕಾಗಿತ್ತು. ಎದ್ದು ಹೋಗಿದ್ದವರೂ ವಾಪಸು ಬಂದು ನೋಡಿದರು.

“ಆಂಟಿ, ಇದನ್ನೆಲ್ಲಾ ಎಲ್ಲಿ ಕಲಿತ್ರಿ?” ಭಾನುಪ್ರಿಯಾ ಕೇಳಿದಳು.

ಹೊಂಬಾಳಮ್ಮ ಬಾಯಿ ತೆರೆಯುವಷ್ಟರಲ್ಲಿ ತನುಶ್ರೀ ನಡುವೆ ಬಂದಳು. “ನಮ್ಮಮ್ಮ ಯೂಟ್ಯೂಬ್ ನೋಡ್ತಾನೇ ಇರ್ತಾರೆ. ಅದ್ರಲ್ಲೇ ಕಲ್ತಿದ್ದು.”

ಜೀವಮಾನವೆಲ್ಲ ಕೆರೆನೀರಿನಲ್ಲಿ ನಿಂತು ಸವೆದ ಮನುಷ್ಯನ ವಿದ್ಯೆ ಒಂದೇ ಮಾತಿಗೆ ಇನ್ಯಾರದೋ ಪಾಲಾಗಿತ್ತು.

“ಹೌದಾ? ಯಾವ ಚಾನೆಲ್ ಆಂಟಿ?”

“ಚಿಕ್ಕಮಾರಯ್ಯ ಅಂತ ಕಣವ್ವ. ಕೊತ್ತಗೆರೆ ಚಿಕ್ಕಮಾರಯ್ಯ.” ಈ ಬಡಾವಣೆಗೆ ಬಂದ ಮೇಲೆ ಅಪ್ಪನ ಹೆಸರನ್ನು ಅವರು ಬಾಯಿತುಂಬ ಹೇಳಿದ್ದು ಅದೇ ಮೊದಲು. ತನುಶ್ರೀ ನೆಲ ನೋಡಿದಳು.

ಎಲ್ಲರ ಕೈಗೂ ಮೊಬೈಲು ಬಂತು. ಹೆಸರನ್ನು ಹಿಂದೆ ಮುಂದೆ ಮಾಡಿ ಟೈಪ್ ಮಾಡಿದ್ದಾಯಿತು. ಭಾನುಪ್ರಿಯಾ ಕೊನೆಗೆ ಸೋತು ತಲೆಯೆತ್ತಿದಳು. “ಎಷ್ಟು ಹುಡುಕಿದ್ರೂ ಬರ್ತಾನೇ ಇಲ್ವಲ್ಲಾ ಆಂಟಿ?”

“ಎಲ್ಲಿಂದ ಬಂದಾತು ಬುಡವ್ವ,” ಎಂದರು ಹೊಂಬಾಳಮ್ಮ, ಮಗಳ ಮುಖ ನೋಡುತ್ತಾ. “ನನ್ ಮಗಳು ಡಿಲೀಟ್ ಮಾಡ್ಬುಟ್ಟವ್ಳೆ.”