ಒಮ್ಮೆ ಇಟ್ಟ ಹೆಸರು

ಪ್ರೊಫೆಸರ್ ವೆಲಿಜಾನಿನ್ ಅವರಿಗೆ ಸಮಾಧಿ ಇರಲಿಲ್ಲ. 1952ರಲ್ಲಿ ಪೊಲೀಸರು ತರಗತಿಯಿಂದಲೇ ಎಳೆದೊಯ್ದಿದ್ದರು; ಹೆಣವೂ ಸಿಗಲಿಲ್ಲ. ಅವರ ಶಿಷ್ಯೆ, ಎಂಬತ್ತು ದಾಟಿದ ರಿಮ್ಮಾ ಲ್ವೊವ್ನಾ, ವೋಲ್ಗಾ ದಂಡೆಯ ಪ್ರಯೋಗಾಲಯದ ಗೋಡೆಯಲ್ಲಿದ್ದ ಮೂಲಧಾತುಗಳ ಕೋಷ್ಟಕದ ಖಾಲಿ ಮನೆಯೊಳಗೆ ಸೀಮೆಸುಣ್ಣದಿಂದ ಬರೆದಳು: ವೆಲಿಜಾನಿಯಂ. ತಂಡ ಸೃಷ್ಟಿಸಿದ ಹೊಸ ಧಾತುವಿಗೆ ಮಾನ್ಯತೆ ಸಿಕ್ಕಿದ್ದು ಅಂದು ಬೆಳಿಗ್ಗೆ.

"ರಿಮ್ಮಾ ಲ್ವೊವ್ನಾ, ಈ ಹೆಸರು ನೀವು ಎಂಬತ್ತಾರನೇ ಇಸವೀಲೇ ಒಂದು ಧಾತುಗೆ ಇಟ್ಟಿದ್ರಿ," ಎಂದ ತಂಡದ ಮುಖ್ಯಸ್ಥ ಗ್ಲೆಬ್, ಚಹಾದ ಲೋಟ ಕೆಳಗಿಟ್ಟು.

"ಇಟ್ಟಿದ್ದೆ ಕಣೋ. ಅದು ಧಾತುವೇ ಅಲ್ಲ, ಸೀಸದ ಕೊಳೆ ಅಂತ ಆಮೇಲೆ ಗೊತ್ತಾಯ್ತು. ಆಗ ಇಲ್ಲೇ ಕೆಲಸಕ್ಕಿದ್ದ ನಿಮ್ಮಪ್ಪ ಹೊಟ್ಟೆ ಹಿಡ್ಕೊಂಡು ನಕ್ಕಿದ್ದ."

"ಬಿದ್ದುಹೋದ ಹೆಸರನ್ನ ಬೇರೆ ಧಾತುಗೆ ಇಡೋ ಹಾಗಿಲ್ಲ. ಗೊಂದಲ ಆಗುತ್ತೆ ಅಂತ ಅಂತರರಾಷ್ಟ್ರೀಯ ನಿಯಮ. ಬಂದು ಹತ್ತು ವರ್ಷ ಆಯ್ತು."

"ಯಾರೂ ನಂಗೆ ಹೇಳಲಿಲ್ಲ."

"ನೀವು ಕೇಳಲಿಲ್ಲ."

ಎಂಬತ್ತಾರರಲ್ಲಿ ಆ ಶೋಧವನ್ನು ಇನ್ನೊಂದು ಪ್ರಯೋಗಾಲಯ ದೃಢಪಡಿಸುವವರೆಗೆ ಕಾಯಬೇಕಿತ್ತು. ಆದರೆ ಪ್ರೊಫೆಸರರ ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಸಾಯುವ ಮುನ್ನ ಗಂಡನ ಹೆಸರು ಕೇಳಿಸಿಕೊಳ್ಳಲಿ ಎಂದು ರಿಮ್ಮಾ ಆತುರಪಟ್ಟು ಪತ್ರಿಕೆಯವರನ್ನು ಕರೆದಿದ್ದಳು. ಸುದ್ದಿ ತಲುಪುವಷ್ಟರಲ್ಲಿ ಮುದುಕಿಗೆ ಪ್ರಜ್ಞೆ ತಪ್ಪಿತ್ತು.

"ನಮ್ಮೂರಿನ ಹೆಸರು ಇಡೋಣ ಬಿಡಿ," ಎಂದ ಗ್ಲೆಬ್, ದನಿ ತಗ್ಗಿಸಿ.

ರಿಮ್ಮಾ ಕೋಟಿನ ತೋಳಿನಿಂದ ಕೋಷ್ಟಕದ ಆ ಮನೆಯನ್ನು ಒರೆಸಿದಳು. ಒಂದು ಸಲಕ್ಕೆ ಹೋಗಲಿಲ್ಲ, ಇನ್ನೊಮ್ಮೆ ಉಜ್ಜಿದಳು. ಐದು ತಿಂಗಳ ದುಡಿಮೆಗೆ ಸಿಕ್ಕಿದ್ದ ಹೊಸ ಧಾತುವಿನ ಪರಮಾಣುಗಳು ಸೆಕೆಂಡು ತುಂಬುವ ಮೊದಲೇ ಒಡೆದುಹೋಗಿದ್ದವು. ಹೋದದ್ದು ಮೂರು ಪರಮಾಣು, ಒಂದು ಹೆಸರು.