ಪಾಳಿ ಹಾಕುವ ಕಂಪ್ಯೂಟರು

ಊರಿನಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರ್ ಇರದಿದ್ದ ಕಾಲ. ಟಿವಿಗೆ ಜೋಡಿಸುವ ಪುಟ್ಟದೊಂದನ್ನು ವಾದಿರಾಜ ವಿದೇಶದಿಂದ ತರಿಸಿದ. ಎರಡೇ ವಾರಕ್ಕೆ ಅವನಿಗೆ ಬೇಜಾರಾಯಿತು. ಹೆಂಡತಿ ಶಶಿರೇಖಾ ಅದರ ಜೊತೆ ಬಂದಿದ್ದ ಪುಸ್ತಕ ಓದಿ ಕಲಿತಳು. ಆರು ತಿಂಗಳು ಕೂತು, ಗಂಡ ಕೆಲಸ ಮಾಡುವ ಕಾರ್ಖಾನೆಯ ಮುನ್ನೂರು ಕಾರ್ಮಿಕರಿಗೆ ಪಾಳಿ ಹಾಕಿಕೊಡುವ ಪ್ರೋಗ್ರಾಂ ಬರೆದಳು. ಅದನ್ನು ನೋಡಲು ಮ್ಯಾನೇಜರು ಮನೆಗೇ ಬಂದರು.

"ಇದೆಲ್ಲ ನೀವೇ ಬರೆದದ್ದಾ?"

"ನಾನೇ ಸಾರ್," ಎಂದ ವಾದಿರಾಜ.

"ಮನೆಯವರಿಗೂ ಬರುತ್ತಾ?"

"ಅವಳಿಗಾ? ಇದರ ಧೂಳು ಒರೆಸೋಕೂ ಹೆದರ್ತಾಳೆ."

ಇಬ್ಬರೂ ನಕ್ಕರು. ಶಶಿರೇಖಾ ಕಾಫಿ ಇಟ್ಟು ಒಳಗೆ ಹೋದಳು.

ವಾದಿರಾಜ ಯಾವುದೋ ಕೀಲಿ ಒತ್ತಿದ. ಪರದೆ ನಿಂತಲ್ಲೇ ನಿಂತಿತು. ಅವನು ಅಡುಗೆಮನೆಗೆ ಓಡಿಬಂದ.

"ನಿಂತುಹೋಯ್ತು ಕಣೇ. ಏನು ಮಾಡ್ಲಿ?"

"ಸ್ವಿಚ್ ಆರಿಸಿ ಮತ್ತೆ ಹಾಕಿ."

ಅವನು ಹಾಗೇ ಮಾಡಿದ. ಪ್ರೋಗ್ರಾಂ ಪೂರ್ತಿ ಅಳಿಸಿಹೋಗಿ ಪರದೆ ಖಾಲಿಯಾಯಿತು.

"ಗಾಬರಿ ಯಾಕ್ರೀ?" ಎಂದರು ಮ್ಯಾನೇಜರು. "ಆರಿಸಿದರೆ ಈ ಯಂತ್ರ ಎಲ್ಲ ಮರೆಯುತ್ತೆ. ಕ್ಯಾಸೆಟ್ಟಿನಲ್ಲಿ ಉಳಿಸಿರ್ತೀರಲ್ಲ, ಅದನ್ನು ಹಾಕಿ."

ವಾದಿರಾಜ ಮತ್ತೆ ಅಡುಗೆಮನೆಗೆ ಓಡಿದ. ಶಶಿರೇಖಾ ಕ್ಯಾಸೆಟ್ಟಿನಿಂದ ಕಂದು ಟೇಪನ್ನು ಎಳೆದೆಳೆದು ಉರಿಯುವ ಒಲೆಗೆ ಹಾಕುತ್ತಿದ್ದಳು.